ಪಾಂಟೂನ್ ಬೋಟಾ ಡೆಕ್ ಬೋಟಾ: ಫ್ಯಾಮಿಲಿಗೆ ತಗೊಳ್ಳೋ ಮುಂಚೆ ಮೊದಲು ನೀರು ನೋಡಿ

ಗೋವಾದ ವಾಸ್ಕೋ, ಫೋಂಡಾ, ಮಡಗಾಂವ್ ಕಡೆ ಇರೋ ನಮ್ಮ ಕನ್ನಡದವರಲ್ಲಿ ಫ್ಲ್ಯಾಟ್ ಆಯ್ತು, ಕಾರ್ ಆಯ್ತು, ಈಗ ಒಂದಿಷ್ಟು ಜನಕ್ಕೆ ಬೋಟಿನ ಆಸೆ ಶುರುವಾಗಿದೆ. ಒಬ್ಬರ ಕೈಲಿ ಆಗೋ ಖರ್ಚಲ್ಲ, ಹಾಗಾಗಿ ಎರಡು ಮೂರು ಮನೆಯವರು ಸೇರಿ ದುಡ್ಡು ಹಾಕೋಣ, ಭಾನುವಾರ ಮಕ್ಕಳು ಮುದುಕರು ಎಲ್ಲರನ್ನೂ ಕೂರಿಸ್ಕೊಂಡು ಜುವಾರಿ ನದಿಯಲ್ಲೋ ಮಾಂಡವಿ ನದಿಯಲ್ಲೋ ಒಂದು ರೌಂಡ್ ಹೋಗಿ ಬರೋಣ ಅನ್ನೋ ಲೆಕ್ಕ. ನಾನು ಔಟ್‌ಬೋರ್ಡ್, ಅಂದ್ರೆ ಬೋಟಿನ ಹಿಂದೆ ನೇತು ಹಾಕೋ ಇಂಜಿನ್ನುಗಳ ಸರ್ವಿಸ್ ಕೆಲಸದಲ್ಲಿರೋದ್ರಿಂದ ಫೋನು ನನಗೆ ಬರ್ತದೆ. ವಿಜಯಪುರದ ಕಡೆಯ ಗೌಡ್ರು ಒಬ್ರು ಎರಡು ಫೋಟೋ ಕಳಿಸಿ ಕೇಳಿದ್ರು, "ಅಣ್ಣಾ, ಎರಡರಾಗೂ ಸೋಫಾ ಅದಾವು, ಎರಡಕ್ಕೂ ಮ್ಯಾಲ ತಾಡಪಾಲ್ ಅದ, ಮತ್ತ ರೇಟಿನ್ಯಾಗ ಯಾಕ ಇಷ್ಟು ಫರಕ್? ಯಾವ್ದು ತಗೋಬೇಕು ಒಂದ ಮಾತಿನಾಗ ಹೇಳಿಬಿಡ್ರಿ."

ಒಂದು ಮಾತಲ್ಲಿ ಹೇಳೋಕೆ ಬರಲ್ಲ. ಯಾಕಂದ್ರೆ ಫೋಟೋದಲ್ಲಿ ಕಾಣೋದು ಬೋಟಿನ ಮೇಲಿನ ಭಾಗ, ವ್ಯತ್ಯಾಸ ಪೂರ್ತಿ ಇರೋದು ನೀರಿನ ಕೆಳಗೆ. ಸೋಫಾ, ಸ್ಪೀಕರ್, ಕಪ್ ಇಡೋ ತೂತು ಇವೆಲ್ಲ ಯಾವ ಬೋಟಿಗೂ ಹಾಕಿಸ್ಬಹುದು.

ಪಾಂಟೂನ್ ಅಂದ್ರೆ ಎರಡು ಉದ್ದನೆಯ, ಎರಡೂ ತುದಿ ಮುಚ್ಚಿದ ಅಲ್ಯೂಮಿನಿಯಂ ಕೊಳವೆ, ಅದರ ಮೇಲೆ ಅಡ್ಡ ಪಟ್ಟಿಗಳು, ಪಟ್ಟಿಗಳ ಮೇಲೆ ಚಪ್ಪಟೆ ಹಲಗೆ, ಸುತ್ತಲೂ ಕಟಕಟೆ. ಅಷ್ಟೇ. ಅಮೆರಿಕದ ಮಿನ್ನೆಸೋಟಾದಲ್ಲಿ ಆಂಬ್ರೋಸ್ ವೀರೆಸ್ ಅನ್ನೋ ರೈತ 1952ರಲ್ಲಿ ಸ್ಟೀಲ್ ಬ್ಯಾರಲ್‌ಗಳನ್ನ ತುದಿಗೆ ತುದಿ ವೆಲ್ಡ್ ಮಾಡಿ ಎರಡು ಸಾಲು ಮಾಡಿ, ಮೇಲೆ ಮರದ ಅಟ್ಟ ಕಟ್ಟಿ ಕೆರೆಗೆ ಬಿಟ್ಟ, ಅಲ್ಲಿಂದ ಈ ಜಾತಿ ಬೋಟು ವ್ಯಾಪಾರವಾಗಿ ಬೆಳೀತು. ಕೆರೆಗೆ ಅನ್ನೋ ಶಬ್ದ ನೆನಪಿಟ್ಕೊಳ್ಳಿ. ಮೂರು ಕೊಳವೆ ಹಾಕಿದ್ರೆ ಅದಕ್ಕೆ ಟ್ರೈಟೂನ್ ಅಂತಾರೆ. ಡೆಕ್ ಬೋಟು ಬೇರೆ ಕಥೆ: ಅದು ಮಾಮೂಲಿ ಫೈಬರ್ ಸ್ಪೀಡ್ ಬೋಟೇ, ತಳ ಇಂಗ್ಲಿಷಿನ ವಿ ಆಕಾರ, ಆದ್ರೆ ಮುಂದಿನ ಮೂತಿ ಚೂಪಾಗಿ ಮುಗಿಯೋ ಬದಲು ಅಗಲವಾಗೇ ಮುಂದಕ್ಕೆ ಎಳೆದಿರ್ತಾರೆ, ಹಾಗಾಗಿ ಮುಂದೆಯೂ ನಾಲ್ಕೈದು ಜನ ಆರಾಮಾಗಿ ಕೂರಬಹುದು. ಎರಡೂ ಹೆಚ್ಚಾಗಿ 18ರಿಂದ 25 ಅಡಿ ಉದ್ದ, ಅಗಲ ಎಂಟೂವರೆ ಅಡಿ. ಅಗಲ ಎರಡರದ್ದೂ ಒಂದೇ ಯಾಕೆ ಅಂದ್ರೆ ಅಮೆರಿಕದ ರಸ್ತೆಯಲ್ಲಿ ಸ್ಪೆಷಲ್ ಪರ್ಮಿಟ್ ಇಲ್ಲದೆ ಟ್ರೇಲರ್ ಮೇಲೆ ಎಳ್ಕೊಂಡು ಹೋಗೋಕೆ ಸಾಮಾನ್ಯವಾಗಿ ಅಷ್ಟೇ ಅಗಲ ಬಿಡ್ತಾರೆ.

ಈಗ ತೇಲೋ ಲೆಕ್ಕ. 25 ಇಂಚು ವ್ಯಾಸದ 20 ಅಡಿ ಕೊಳವೆಯೊಂದನ್ನ ಪೂರ್ತಿ ಮುಳುಗಿಸಿದ್ರೆ ಅದು ಪಕ್ಕಕ್ಕೆ ತಳ್ಳೋ ನೀರು ಹೆಚ್ಚುಕಮ್ಮಿ 1,900 ಲೀಟರ್, ಅಂದ್ರೆ 1,900 ಕಿಲೋ ಹೊರೋ ತಾಕತ್ತು. ಎರಡು ಕೊಳವೆಗೆ 3,800. ಬೋಟು, ಇಂಜಿನ್, ಪೆಟ್ರೋಲ್, ಒಂದು ಎಂಟು ಹತ್ತು ಜನ ಎಲ್ಲ ಸೇರಿ ಎರಡು ಟನ್ ಆಸುಪಾಸು ಬರ್ತದೆ ಅಂದ್ಕೊಳ್ಳಿ, ಕೊಳವೆ ಅರ್ಧ ಮುಳುಗಿ ಅರ್ಧ ಮೇಲಿರ್ತದೆ. ಮೇಲಿರೋ ಆ ಅರ್ಧವೇ ನಿಮ್ಮ ರಿಸರ್ವ್. ಎಲ್ಲರೂ ಡಾಲ್ಫಿನ್ ನೋಡೋಕೆ ಅಂತ ಒಂದೇ ಕಡೆ ಓಡಿದ್ರೂ ಆ ಕಡೆಯ ಕೊಳವೆ ಇನ್ನಷ್ಟು ಮುಳುಗಿ ವಾಪಸ್ ಮೇಲಕ್ಕೆ ಒತ್ತತದೆ, ಬೋಟು ಜಾಸ್ತಿ ವಾಲಲ್ಲ. ಕದಂಬ ಬಸ್ಸಲ್ಲಿ ಸೀಟ್ ಸಿಗದೆ ಕಾಲು ಅಗಲಿಸಿ ನಿಂತವನ ಹಾಗೆ, ಭಾರ ಹೊರೋದು ಎರಡೂ ಅಂಚಲ್ಲಿ ಇರೋದ್ರಿಂದ ಬರೋ ಸ್ಥಿರತೆ ಅದು. ಒಳ್ಳೆ ಕಂಪನಿಯ ಕೊಳವೆ ಒಳಗೆ ಅಡ್ಡ ಗೋಡೆ ಹಾಕಿ ಬೇರೆ ಬೇರೆ ಕೋಣೆ ಮಾಡಿರ್ತಾರೆ, ಒಂದು ಕಡೆ ಕಲ್ಲು ತಾಗಿ ತೂತಾದ್ರೂ ಒಂದು ಕೋಣೆಗೆ ಮಾತ್ರ ನೀರು.

ಡೆಕ್ ಬೋಟಿನ ವಿ ತಳದ ಕೆಲಸ ಬೇರೆ. ನಿಂತಾಗ ಅದು ಪಾಂಟೂನಷ್ಟು ಗಟ್ಟಿಯಾಗಿ ಕೂರಲ್ಲ, ಜನ ಆ ಕಡೆ ಈ ಕಡೆ ಹೋದ ಹಾಗೆ ವಾಲ್ತದೆ. ಆದ್ರೆ ಇಂಜಿನ್ ಎಳೆದ ತಕ್ಷಣ ಬೋಟು ನೀರಿನ ಮೇಲೆ ಎದ್ದು ಓಡೋಕೆ ಶುರು ಮಾಡ್ತದಲ್ಲ, ಆಗ ಎದುರು ಬರೋ ಅಲೆಯನ್ನ ಆ ಚೂಪು ತಳ ಸೀಳ್ಕೊಂಡು ಹೋಗ್ತದೆ, ತಿರುಗಿಸಿದಾಗ ಒಳಗಡೆಗೇ ವಾಲಿ ನೀರನ್ನ ಹಿಡ್ಕೊಳ್ತದೆ. ಎರಡು ಕೊಳವೆಯ ಪಾಂಟೂನ್ ತಿರುಗೋವಾಗ ಚಪ್ಪಟೆಯಾಗೇ ಇರ್ತದೆ, ಕೂತವರು ಹೊರಗಡೆಗೆ ಜಾರ್ತಾರೆ, ಎದುರು ಅಲೆ ಗಿಡ್ಡವಾಗಿ ಒತ್ತೊತ್ತಾಗಿ ಬಂದ್ರೆ ಕೊಳವೆಗಳ ನಡುವೆ ನುಗ್ಗಿ ಹಲಗೆಯ ಅಡಿಗೆ ಧಡ್ ಧಡ್ ಅಂತ ಹೊಡೀತದೆ. ಸ್ಥಿರ ಬೋಟು ಅಂದ್ರೆ ಹೊಟ್ಟೆ ತೊಳೆಸಲ್ಲ ಅಂತ ಜನ ತಿಳ್ಕೊಂಡಿರ್ತಾರೆ, ಅದೂ ಪೂರ್ತಿ ನಿಜ ಅಲ್ಲ. ಪಾಂಟೂನ್ ಕಮ್ಮಿ ವಾಲ್ತದೆ, ಆದ್ರೆ ವಾಲಿದ್ದು ಜರ್ಕ್ ಹೊಡೆದು ವಾಪಸ್ ಬರ್ತದೆ, ಕೆಲವರಿಗೆ ಆ ಜರ್ಕೇ ಆಗಿಬರಲ್ಲ.

ಹಾಗಾಗಿ ನಾನು ಕೇಳೋ ಮೊದಲ ಪ್ರಶ್ನೆ ಬಜೆಟ್ ಎಷ್ಟು ಅಂತ ಅಲ್ಲ, ಎಲ್ಲಿ ಓಡಿಸ್ತೀರಿ, ಎಷ್ಟು ಗಂಟೆಗೆ ಅಂತ. ಗಂಟೆ ಯಾಕೆ ಅಂತ ಗೌಡ್ರು ನಕ್ಕರು. ನಗೋ ಮಾತಲ್ಲ ಅದು. ಡಿಸೆಂಬರಿಂದ ಫೆಬ್ರವರಿವರೆಗೆ ಬೆಳಿಗ್ಗೆ ಜುವಾರಿಗೆ ಹೋಗಿ ನೋಡಿ, ಕನ್ನಡಿ. ಅದೇ ಜಾಗಕ್ಕೆ ಮಧ್ಯಾಹ್ನ ಮೂರಕ್ಕೆ ಹೋಗಿ, ಬಿಳಿ ನೊರೆ ಎದ್ದಿರ್ತದೆ. ಬಿಸಿಲಿಗೆ ನೆಲ ಕಾದ ಮೇಲೆ ಸಮುದ್ರದಿಂದ ಗಾಳಿ ಒಳಗೆ ನುಗ್ಗತದೆ, ಪಶ್ಚಿಮದಿಂದ, ವಾಯವ್ಯದಿಂದ. ಇಳಿತದ ನೀರು ಹರಿಯೋದು ಒಳಗಿಂದ ಸಮುದ್ರಕ್ಕೆ, ಅಂದ್ರೆ ಪಶ್ಚಿಮಕ್ಕೆ. ಗಾಳಿ ಈ ಕಡೆ ನೀರು ಆ ಕಡೆ ಆದಾಗ ಅಲೆ ಹತ್ತಿರ ಹತ್ತಿರ ಬಂದು ಕಡಿದಾಗಿ ನಿಲ್ತದೆ, ಎತ್ತರ ಎರಡೇ ಅಡಿ ಇದ್ರೂ ಸಣ್ಣ ಬೋಟಿಗೆ ಅದು ಸಾಕು. ಇನ್ನೂ ಒಂದು ವಿಷಯ ಇದೆ. ಹುಣ್ಣಿಮೆ ಅಮಾವಾಸ್ಯೆ ಟೈಮಿಗೆ ಇಲ್ಲಿ ದೊಡ್ಡ ಭರತ, ಅಂದ್ರೆ ಸಮುದ್ರದ ನೀರು ಏರೋದು, ಹನ್ನೊಂದು ಹನ್ನೆರಡರ ಆಸುಪಾಸಿಗೆ ಬರ್ತದೆ, ಆಮೇಲೆ ಮಧ್ಯಾಹ್ನ ಪೂರ್ತಿ ಜೋರು ಇಳಿತ, ಅಂದ್ರೆ ಗಾಳಿ ಎದ್ದ ಹೊತ್ತಿಗೇ ನೀರು ಅದರ ಎದುರಿಗೆ ಓಡ್ತಿರ್ತದೆ. ಮೀನುಗಾರರಿಗೆ ಇದು ಬಾಯಿಪಾಠ, ಬೋಟು ಕೊಳ್ಳೋರಿಗೆ ಇದನ್ನ ಯಾರೂ ಹೇಳಲ್ಲ.

ಇದನ್ನ ಇಟ್ಕೊಂಡು ನದಿಯನ್ನ ತುಂಡು ಮಾಡಿ ನೋಡಿ. ಜುವಾರಿಯಲ್ಲಿ ಕುಠ್ಠಾಳಿ-ಆಗಶಿ ಸೇತುವೆಯಿಂದ ಒಳಗಡೆ, ಮಾಂಡವಿಯಲ್ಲಿ ರಾಯಬಂದರಿನಿಂದ ಮೇಲೆ ದಿವಾಡಿ, ಚೋಡಣ ದ್ವೀಪಗಳ ಸುತ್ತ, ಎರಡೂ ನದಿಗೆ ಕೊಂಡಿಯಾಗಿರೋ ಕುಂಭಾರಜುವಾ ಕಾಲುವೆ, ಇಲ್ಲೆಲ್ಲ ಎರಡು ದಡ ಹತ್ತಿರ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಆಸರೆ, ಅಲೆ ಏಳೋಕೆ ಜಾಗ ಇಲ್ಲ. ಪಾಂಟೂನಿಗೆ ಇದಕ್ಕಿಂತ ಒಳ್ಳೆ ಜಾಗ ಬೇಡ. ದಿವಾಡಿಗೆ ಚೋಡಣಕ್ಕೆ ಹೋಗೋ ಸರ್ಕಾರಿ ಫೆರಿ ನೋಡಿದ್ದೀರಲ್ಲ, ಚಪ್ಪಟೆ ತಳ, ಚಪ್ಪಟೆ ಡೆಕ್ಕು, ಕಾರು ಸ್ಕೂಟರು ಎಲ್ಲ ಹತ್ತಿಸ್ಕೊಂಡು ಹೋಗ್ತದೆ. ಕಾಲುವೆಯಲ್ಲಿ ಮೊಸಳೆ ಇದೆ ಅನ್ನೋದು ಮಕ್ಕಳಿಗೆ ಖುಷಿ, ಈಜೋ ಪ್ಲಾನ್ ಇದ್ದೋರು ಮಾತ್ರ ಅಲ್ಲಿ ಬೇಡ. ಅದೇ ಪಣಜಿ ದಾಟಿ ಆಗ್ವಾದ ಕಡೆ, ಇಲ್ಲ ಮುರಗಾಂವ್ ಬಂದರಿನ ಕಡೆ ಬಂದ್ರೆ ನದಿ ಅಗಲ ಆಗ್ತದೆ, ಹೊರಗಿನ ಅಲೆ ಒಳಗೆ ಬರ್ತದೆ, ಮೇಲಿಂದ ಕ್ರೂಸ್ ಬೋಟು, ಬಾರ್ಜುಗಳ ಅಲೆ. ಅಲ್ಲಿ ಡೆಕ್ ಬೋಟಿಗೇ ನನ್ನ ಓಟು. ಅಳಿವೆ ದಾಟಿ ಕಡಲಿಗೆ ಹೋಗ್ಬೇಕು, ಡಾಲ್ಫಿನ್ ನೋಡ್ಬೇಕು, ಅಗೋಂದಾವರೆಗೆ ಹೋಗಿ ಬರ್ಬೇಕು ಅನ್ನೋರಿಗೆ ನಾನು ಎರಡೂ ಬೇಡ ಅಂತೇನೆ. ಡೆಕ್ ಬೋಟಿನ ಮೂತಿ ಅಗಲ, ತಗ್ಗು, ಕಡಲಿನ ಅಲೆಗೆ ಕಟ್ಟಿದ್ದಲ್ಲ ಅದು. ಸೆಲ್ಸ್‌ಮನ್ ಏನೇ ಹೇಳಲಿ.

ನೀರಿನ ಆಳದ ಬಗ್ಗೆ ಒಂದು ತಪ್ಪು ಲೆಕ್ಕ ಓಡಾಡ್ತಾ ಇದೆ. ಪಾಂಟೂನ್ ಒಂದಡಿ ನೀರಲ್ಲೂ ಹೋಗ್ತದೆ ಅಂತಾರೆ. ಕೊಳವೆ ಮುಳುಗೋದು ಒಂದು ಒಂದೂಕಾಲು ಅಡಿ, ನಿಜ, ಆದ್ರೆ ಇಂಜಿನ್ನಿನ ಕಾಲು ಅದಕ್ಕಿಂತ ಕೆಳಗೆ ಇಳಿದಿರ್ತದೆ, ಬೋಟನ್ನ ತಳ್ಳೋ ಫ್ಯಾನು ತಿರುಗ್ತಾ ಇರೋವಾಗ ಎರಡೂ ಬೋಟಿಗೆ ಎರಡೂವರೆ ಮೂರು ಅಡಿ ಬೇಕು. ಫರಕು ಗೊತ್ತಾಗೋದು ಕೆಸರಿಗೆ ಹತ್ತಿ ಕೂತ ಮೇಲೆ. ಇಳಿತಕ್ಕೆ ಸಿಕ್ಕಿದ ಪಾಂಟೂನ್ ಮಟ್ಟವಾಗಿ ಕೂರ್ತದೆ, ಮುಂದಿನ ಭರತದವರೆಗೆ ಚಹಾ ಕುಡೀತಾ ಇರಬಹುದು. ಡೆಕ್ ಬೋಟು ಒಂದು ಪಕ್ಕಕ್ಕೆ ವಾಲಿ ಕೂರ್ತದೆ, ಆಗ ಅಜ್ಜಿಯನ್ನ ಹಿಡ್ಕೊಂಡು ಕೂರೋಕೆ ಇಬ್ಬರು ಬೇಕು.

ಅಜ್ಜಿ ಅಂದೆ, ಹತ್ತೋದು ಇಳಿಯೋದು ಅದೇ ದೊಡ್ಡ ವಿಷಯ. ಪಾಂಟೂನಿಗೆ ಪಕ್ಕದಲ್ಲಿ ಗೇಟ್ ಇರ್ತದೆ, ಡೆಕ್ ಚಪ್ಪಟೆ, ತೇಲೋ ಜೆಟ್ಟಿ ಇದ್ರೆ ಮನೆ ಹೊಸ್ತಿಲು ದಾಟಿದಷ್ಟು ಸಲೀಸು, ಸೀರೆ ಎತ್ತಿ ಹಿಡಿಯೋದೂ ಬೇಡ. ಡೆಕ್ ಬೋಟಿಗೆ ಅಂಚು ದಾಟಿ ಸೀಟಿನ ಮೇಲೆ ಕಾಲಿಟ್ಟು ಆಮೇಲೆ ಕೆಳಗೆ ಇಳೀಬೇಕು, ಮಂಡಿ ನೋವಿನವರಿಗೆ ಕಷ್ಟ. ಆದ್ರೆ ನಮ್ಮ ಹಳೇ ಜೆಟ್ಟಿಗಳಲ್ಲಿ ಹೆಚ್ಚಿನವು ಕಲ್ಲು, ಕಾಂಕ್ರೀಟಿನವು, ತೇಲಲ್ಲ. ಗೋವಾದಲ್ಲಿ ದೊಡ್ಡ ಭರತ ಇಳಿತದ ಅಂತರ ಎರಡು ಮೀಟರಿನ ಹತ್ತಿರ ಹೋಗ್ತದೆ, ಬೆಳಿಗ್ಗೆ ಜೆಟ್ಟಿ ಮಟ್ಟಕ್ಕೇ ಇದ್ದ ಬೋಟು ಸಂಜೆ ವಾಪಸ್ ಬಂದಾಗ ಆಳೆತ್ತರ ಕೆಳಗೆ, ಪಾಚಿ ಹಿಡಿದ ಮೆಟ್ಟಿಲು. ಆ ಹೊತ್ತಿಗೆ ಯಾವ ಬೋಟಾದ್ರೂ ಒಂದೇ. ಹಾಗಾಗಿ ಬೋಟಿಗಿಂತ ಮುಂಚೆ ಎಲ್ಲಿ ಕಟ್ತೀರಿ ಅಂತ ನೋಡಿ.

ಮನೆ ಹೆಂಗಸರು ಕೇಳೋ ಪ್ರಶ್ನೆಯನ್ನ ಗಂಡಸರು ಕೇಳೋದೇ ಇಲ್ಲ: ಟಾಯ್ಲೆಟ್ ಎಲ್ಲಿ? ನಾಲ್ಕು ತಾಸಿನ ಟ್ರಿಪ್ಪಲ್ಲಿ ಇದು ಸೋಫಾಕ್ಕಿಂತ ಮುಖ್ಯ. ಕೆಲವು ಡೆಕ್ ಬೋಟಲ್ಲಿ ಸ್ಟಿಯರಿಂಗ್ ಎದುರಿನ ಕನ್ಸೋಲ್ ಒಳಗೆ ಬಾಗಿಲು ಹಾಕಿದ ಸಣ್ಣ ಜಾಗ ಇರ್ತದೆ, ಒಳಗೆ ಎತ್ತಿ ಇಡೋ ಟಾಯ್ಲೆಟ್ ಕೂರಿಸ್ಬಹುದು. ಪಾಂಟೂನಲ್ಲಿ ಹೆಚ್ಚಾಗಿ ಬಟ್ಟೆ ಪರದೆ ಎಳೆದು ಮಾಡೋ ಮೂಲೆ. ನಮ್ಮ ಅತ್ತಿಗೆ ಪರದೆ ನೋಡಿ "ಇದ್ರಲ್ಲಿ ನಾ ಹೋಗೂದಿಲ್ಲ" ಅಂದ್ಬಿಟ್ರು, ಅಲ್ಲಿಗೆ ಆ ಮಾಡೆಲ್ಲಿನ ಚರ್ಚೆ ಮುಗೀತು. ನೆರಳಿನಲ್ಲಿ ಮಾತ್ರ ಪಾಂಟೂನ್ ಮುಂದೆ, ಪೂರ್ತಿ ಉದ್ದಕ್ಕೂ ಮಾಡು ಹಾಕಿಸ್ಬಹುದು. ಡೆಕ್ ಬೋಟಲ್ಲಿ ಸಾಮಾನ್ಯವಾಗಿ ನಡುವಿನ ಭಾಗಕ್ಕೆ ಮಾತ್ರ ನೆರಳು, ಮುಂದೆ ಕೂತವರು ಮಾರ್ಚ್ ಏಪ್ರಿಲ್ ಬಿಸಿಲಲ್ಲಿ ಬೇಯ್ತಾರೆ. ಆದ್ರೆ ಆ ಮಾಡು, ಆ ಕಟಕಟೆ ಎರಡೂ ಗಾಳಿಗೆ ಹಾಯಿ ಆಗ್ತವೆ. ಜೆಟ್ಟಿಗೆ ತರೋವಾಗ ಸ್ಪೀಡ್ ಕಮ್ಮಿ ಮಾಡ್ತಿದ್ದ ಹಾಗೆ ಪಾಂಟೂನ್ ಅಡ್ಡಡ್ಡ ತೇಲ್ಕೊಂಡು ಹೋಗ್ತದೆ, ವಿ ತಳದ ಬೋಟು ಅಷ್ಟು ಜಾರಲ್ಲ. ಗಾಳಿ, ನೀರಿನ ಸೆಳೆತ, ಎರಡರಲ್ಲಿ ಯಾವುದು ಜೋರೋ ಅದಕ್ಕೆ ಎದುರಾಗಿ ಮೂತಿ ಮಾಡಿ ನಿಧಾನ ತನ್ನಿ. ಹೊಸಬರು ಉಲ್ಟಾ ಮಾಡಿ ಜೆಟ್ಟಿಗೆ ಗುದ್ದಿಸ್ತಾರೆ.

ಮಕ್ಕಳ ವಿಷಯಕ್ಕೆ ಬಂದ್ರೆ ಪಾಂಟೂನಿನ ಕಟಕಟೆ ನೋಡಿ ಎಲ್ಲರಿಗೂ ಧೈರ್ಯ ಬರ್ತದೆ, ಆ ಧೈರ್ಯವೇ ನನಗೆ ಹೆದರಿಕೆ. ಪಾಂಟೂನಿನ ಮುಂದೆ ಕಟಕಟೆಯ ಆಚೆ ಒಂದೆರಡು ಅಡಿ ಹಲಗೆ ಉಳಿದಿರ್ತದೆ. ಹುಡುಗರು ಗೇಟ್ ತೆಗೆದು ಅಲ್ಲಿ ಕಾಲು ಇಳಿಬಿಟ್ಟು ಕೂರ್ತಾರೆ, ಫೋಟೋಗೆ ಚೆನ್ನಾಗಿರ್ತದೆ. ಓಡ್ತಾ ಇರೋ ಬೋಟು ಸಡನ್ನಾಗಿ ನಿಧಾನ ಆದ್ರೆ ಮೂತಿ ಕೆಳಗೆ ಹೋಗ್ತದೆ, ಕೂತವನು ನೇರ ಮುಂದಕ್ಕೆ ಬೀಳ್ತಾನೆ, ಎರಡು ಕೊಳವೆ ನಡುವೆ ಬಿದ್ದವನ ಮೇಲೆ ಬೋಟು ಹಾದು ಹೋಗ್ತದೆ, ಹಿಂದೆ ಫ್ಯಾನು. ಅಮೆರಿಕದ ಕೆರೆಗಳಲ್ಲಿ ಪಾಂಟೂನಿನ ಕೆಟ್ಟ ಅಪಘಾತಗಳು ಹೀಗೂ ಆಗಿವೆ. ಇಂಜಿನ್ ಸ್ಟಾರ್ಟ್ ಇದ್ರೆ ಗೇಟ್ ಬಂದ್, ಇದರಲ್ಲಿ ಮುಲಾಜಿಲ್ಲ. ಡೆಕ್ ಬೋಟಲ್ಲಿ ಅಪಾಯ ಬೇರೆ ರೀತಿ: ಮುಂದೆ ಜಾಗ ಇದೆ ಅಂತ ಎಲ್ಲರೂ ಅಲ್ಲೇ ಕೂತ್ರೆ ಮೂತಿ ತಗ್ಗಿ, ಬಾರ್ಜಿನ ಅಲೆ ಬಂದಾಗ ನೀರು ಒಳಗೇ ಬರ್ತದೆ. ಓಡಿಸೋನ ಕೈಗೋ ಜಾಕೆಟ್ಟಿಗೋ ಕಟ್ಟೋ ಕೆಂಪು ಸುರುಳಿ ಹಗ್ಗ ಇರ್ತದೆ, ಕಿಲ್ ಸ್ವಿಚ್ಚಿನದ್ದು, ಅವನು ಬಿದ್ರೆ ಇಂಜಿನ್ ತಾನಾಗೇ ನಿಲ್ತದೆ. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ಬೋಟುಗಳಿಗೆ 2021ರ ಏಪ್ರಿಲ್ 1ರಿಂದ ಇದನ್ನ ಬಳಸೋದು ಕಡ್ಡಾಯ ಮಾಡಿದ್ದಾರೆ. ನನ್ನ ಹತ್ರ ಸರ್ವಿಸಿಗೆ ಬರೋ ಬೋಟುಗಳಲ್ಲಿ ಆ ಹಗ್ಗ ಸ್ವಿಚ್ಚಿಗೇ ಗಂಟು ಹಾಕಿ ಇಟ್ಟಿರ್ತಾರೆ, ಕಿರಿಕಿರಿ ಅಂತ. ಲೈಫ್ ಜಾಕೆಟ್ಟೂ ಅದೇ, ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಕವರ್ ಸಮೇತ. 2024ರ ಡಿಸೆಂಬರ್ 18ಕ್ಕೆ ಮುಂಬೈಯಲ್ಲಿ ಎಲಿಫೆಂಟಾಕ್ಕೆ ಹೊರಟ ಫೆರಿಗೆ ನೌಕಾಪಡೆಯ ಸ್ಪೀಡ್ ಬೋಟು ಬಡಿದು ಜನ ಸತ್ತ ಮೇಲೆ ಗೇಟ್‌ವೇಯಲ್ಲಿ ಜಾಕೆಟ್ ಹಾಕಿಸಿಯೇ ಕೂರಿಸೋಕೆ ಶುರು ಮಾಡಿದ್ರು. ಮಗುವಿಗೆ ಮಗುವಿನ ಸೈಜಿನದ್ದೇ ಬೇಕು, ದೊಡ್ಡವರದ್ದು ಹಾಕಿದ್ರೆ ನೀರಲ್ಲಿ ಜಾಕೆಟ್ ಮೇಲೆ, ಮಗು ಕೆಳಗೆ.

ಈಗ ಉಪ್ಪು. ನನ್ನ ಪ್ರಕಾರ ಗೋವಾದಲ್ಲಿ ಅಲ್ಯೂಮಿನಿಯಂ ಪಾಂಟೂನ್ ತಗೊಳ್ಳೋರಿಗೆ ಕಣ್ಣಿಗೆ ಕಾಣದ ಖರ್ಚು ಇರೋದೇ ಇಲ್ಲಿ. ಕೆರೆ ನೀರಿಗೆ ಅಂತ ಹುಟ್ಟಿದ ಬೋಟು, ನಮ್ಮ ನದಿಗಳು ಬೇಸಿಗೆಯಲ್ಲಿ ಎಷ್ಟೋ ಕಿಲೋಮೀಟರ್ ಒಳಗಿನವರೆಗೆ ಉಪ್ಪು. ಉಪ್ಪು ನೀರಲ್ಲಿ ಅಲ್ಯೂಮಿನಿಯಂ ಪಕ್ಕ ಸ್ಟೇನ್‌ಲೆಸ್ ಸ್ಟೀಲ್ ಸೇರಿದ್ರೆ ಅದೊಂದು ಬ್ಯಾಟರಿ ಆಗಿಬಿಡ್ತದೆ, ಕರಗೋದು ಅಲ್ಯೂಮಿನಿಯಂ. ಎರಡು ಸೀಸನ್ ಓಡಿದ ಬೋಟಿನ ಅಡಿಗೆ ಟಾರ್ಚ್ ಹಿಡ್ಕೊಂಡು ಮಲಗಿ ನೋಡಿ: ಕೊಳವೆಗೆ ಅಡ್ಡಪಟ್ಟಿ ಹಿಡಿದಿರೋ ಬ್ರಾಕೆಟ್ ಹತ್ರ, ಸ್ಟೀಲ್ ಬೋಲ್ಟಿನ ಸುತ್ತ ಬಿಳಿ ಪುಡಿ ಉಬ್ಬಿರ್ತದೆ, ಉಗುರಲ್ಲಿ ಕೆರೆದ್ರೆ ಉದುರ್ತದೆ, ಪುಡಿ ಉದುರಿದ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಕುಳಿ. ಬೋಲ್ಟ್ ಹೊಳೀತಾ ಇರ್ತದೆ, ಅದಕ್ಕೇನೂ ಆಗಿರಲ್ಲ. ಇದನ್ನ ತಡೆಯೋಕೆ ಆನೋಡ್ ಅಂತ ಲೋಹದ ಗಟ್ಟಿ ತುಂಡುಗಳನ್ನ ಕೊಳವೆಗೆ ಹಾಕ್ತಾರೆ, ಅದು ಮೊದಲು ಕರಗಿ ಕೊಳವೆಯನ್ನ ಉಳಿಸ್ತದೆ. ಸಿಹಿ ನೀರಿಗೆ ಮೆಗ್ನೀಸಿಯಂ, ಉಪ್ಪು ನೀರಿಗೆ ಜಿಂಕ್, ಉಪ್ಪು-ಸಿಹಿ ಕಲಸಿದ ನಮ್ಮಂಥ ನದಿಗೆ ಅಲ್ಯೂಮಿನಿಯಂ ಮಿಶ್ರಲೋಹದ್ದು. ಹೊರದೇಶದ ಕೆರೆಯಿಂದ ಬಂದ ಸೆಕೆಂಡ್ ಹ್ಯಾಂಡ್ ಬೋಟಿಗೆ ಮೆಗ್ನೀಸಿಯಂ ಇದ್ರೆ ಇಲ್ಲಿ ಸಕ್ಕರೆ ತರ ಕರಗಿ ಹೋಗ್ತದೆ, ಆಮೇಲೆ ಕೊಳವೆಯ ಸರದಿ.

ಇನ್ನೊಂದು, ನೀರಲ್ಲೇ ಕಟ್ಟಿ ಇಟ್ರೆ ಸ್ವಲ್ಪ ದಿನದಲ್ಲೇ ಅಡಿಗೆ ಚೂಪು ಚಿಪ್ಪು ಹಿಡೀತದೆ, ಬಾರ್ನಕಲ್. ಅದಕ್ಕೆ ಮೀನುಗಾರಿಕೆ ಬೋಟಿಗೆ ಬಳಿಯೋ ತಾಮ್ರದ ಕೆಂಪು ಬಣ್ಣವನ್ನೇ ಬಳೀರಿ ಅಂತ ಯಾರಾದ್ರೂ ಸಲಹೆ ಕೊಡ್ತಾರೆ. ಫೈಬರ್ ಡೆಕ್ ಬೋಟಿಗೆ ಬಳೀರಿ, ತೊಂದರೆ ಇಲ್ಲ. ಅಲ್ಯೂಮಿನಿಯಂಗೆ ಬಳಿದ್ರೆ ತಾಮ್ರವೇ ಅದನ್ನ ತಿನ್ನತದೆ, ಅದಕ್ಕೆ ತಾಮ್ರ ಇಲ್ಲದ ಬೇರೆ ಬಣ್ಣ ತರಿಸ್ಬೇಕು. ಫೈಬರಿಗೂ ರೋಗ ಇದೆ, ವರ್ಷಗಟ್ಟಲೆ ನೀರಲ್ಲೇ ಇದ್ರೆ ಜೆಲ್‌ಕೋಟ್ ಅನ್ನೋ ಹೊರಗಿನ ನುಣುಪು ಪದರದ ಒಳಗೆ ನೀರು ಸೇರಿ ಗುಳ್ಳೆ ಏಳ್ತದೆ, ಇಂಜಿನ್ ಕೂರೋ ಹಿಂದಿನ ಗೋಡೆ ಒಳಗೆ ಪ್ಲೈವುಡ್ ಇದ್ರೆ ಅದು ಕೊಳೀತದೆ. ಆದ್ರೆ ಗೋವಾದಲ್ಲಿ ಫೈಬರ್ ರಿಪೇರಿ ಮಾಡೋರು ಊರೂರಿಗೆ ಇದ್ದಾರೆ, ಕೊಳವೆಯ ತೆಳು ಅಲ್ಯೂಮಿನಿಯಂ ಹಾಳೆಯನ್ನ ನೀಟಾಗಿ ವೆಲ್ಡ್ ಮಾಡೋರನ್ನ ಹುಡುಕ್ಬೇಕು. ಹಾಗಾಗಿ ಪಾಂಟೂನೇ ಬೇಕು ಅನ್ನೋರಿಗೆ ನಾನು ಹೇಳೋದು, ಇಲ್ಲಿನ ಯಾರ್ಡಲ್ಲಿ ಫೈಬರಿನದ್ದೇ ಎರಡು ತಳ ಮಾಡಿಸಿ ಮೇಲೆ ಅಟ್ಟ ಕಟ್ಟಿಸಿ. ನೋಡೋಕೆ ಇಂಪೋರ್ಟೆಡ್ ಪಳಪಳ ಇರಲ್ಲ, ಬಾಳಿಕೆ ಬರ್ತದೆ.

ಇಂಜಿನ್ ಮತ್ತೆ ಪೆಟ್ರೋಲ್. ಎರಡು ಕೊಳವೆಯ ಪಾಂಟೂನ್ ನಿಧಾನ ಸುತ್ತೋಕೆ 60 ಹಾರ್ಸ್‌ಪವರ್ ಸಾಕು, ಗಂಟೆಗೆ 25-30 ಕಿಲೋಮೀಟರ್ ಹೋಗ್ತದೆ. ಅದೇ ಉದ್ದದ ಡೆಕ್ ಬೋಟಿಗೆ 150 ಇಲ್ಲಾಂದ್ರೆ ಜನ ತುಂಬಿದಾಗ ನೀರಿನ ಮೇಲೆ ಏಳೋದೇ ಇಲ್ಲ, ಹಿಂಭಾಗ ಮುಳುಗಿಸ್ಕೊಂಡು ನೀರು ಉಳ್ತಾ ಹೋಗ್ತದೆ. ಪೂರ್ತಿ ಎಳೆದಾಗ ಔಟ್‌ಬೋರ್ಡ್ ಕುಡಿಯೋದು ಅಂದಾಜು ಹತ್ತು ಹಾರ್ಸ್‌ಪವರಿಗೆ ತಾಸಿಗೆ ಒಂದು ಅಮೆರಿಕನ್ ಗ್ಯಾಲನ್, ಅಂದ್ರೆ 3.8 ಲೀಟರ್. 60ಕ್ಕೆ ತಾಸಿಗೆ 23 ಲೀಟರ್, 150ಕ್ಕೆ 57. ಯಾರೂ ಇಡೀ ದಿನ ಪೂರ್ತಿ ಎಳೆಯಲ್ಲ, ನಿಜ, ಆದ್ರೂ ಮೂರು ಮನೆಯವರು ಸೇರಿ ಬೋಟು ತಗೊಂಡಾಗ ಜಗಳ ಶುರುವಾಗೋದು ಈ ಲೆಕ್ಕದಿಂದಲೇ, ಒಬ್ಬರ ಮಗ ಬೋಟಿನ ಹಿಂದೆ ಗಾಳಿ ತುಂಬಿದ ಟ್ಯೂಬ್ ಕಟ್ಟಿಸಿ, ಅದರಲ್ಲಿ ಕೂತು ಎಳೆಸ್ಕೊಳ್ತಾನೆ, ಇನ್ನೊಬ್ಬರು ಲಂಗರು ಹಾಕಿ ಇಸ್ಪೀಟ್ ಆಡ್ತಾರೆ, ಬಿಲ್ಲು ಸಮಪಾಲು. ಟ್ಯೂಬು, ಸ್ಕೀ ಬೇಕು ಅನ್ನೋ ಹದಿಹರೆಯದವರು ಮನೆಯಲ್ಲಿ ಇದ್ರೆ ಡೆಕ್ ಬೋಟು, ಇದರಲ್ಲಿ ಚರ್ಚೆ ಬೇಡ. ಯಾವುದೇ ಆಗ್ಲಿ, ಇಂಜಿನ್ ಹಿಂದೆ ನೇತು ಹಾಕೋ ಔಟ್‌ಬೋರ್ಡೇ ತಗೊಳ್ಳಿ. ಕೆಲವು ಹಳೇ ಡೆಕ್ ಬೋಟಲ್ಲಿ ಇಂಜಿನ್ ಒಳಗೆ, ಕಾಲು ಹೊರಗೆ ಇರ್ತದೆ, ಉಪ್ಪು ನೀರು ಬೀಡು ಕಬ್ಬಿಣದ ಒಳಗೇ ಓಡಿ ತುಕ್ಕು ಹಿಡಿಸ್ತದೆ. ಬಂದ ಮೇಲೆ ಪ್ರತಿ ಸಲ ಸಿಹಿ ನೀರಿನ ಪೈಪು ಕೊಟ್ಟು ಹದಿನೈದು ನಿಮಿಷ ತೊಳೀರಿ. ಇದನ್ನ ಮಾಡದೆ ನನ್ನ ಹತ್ರ ತರ್ತಾರೆ, ನನಗೇನೋ ಲಾಭವೇ.

ಪೇಪರ್ ಕೆಲಸವನ್ನ ಚಿಕ್ಕದಾಗಿ ಹೇಳ್ತೇನೆ. 1917ರ ಹಳೇ ಕಾಯ್ದೆ ಹೋಗಿ ಒಳನಾಡು ನೌಕೆಗಳ ಕಾಯ್ದೆ 2021 ಬಂದಿದೆ. ನೋಂದಣಿ, ಸರ್ವೆ, ಇನ್ಶೂರೆನ್ಸ್, ಓಡಿಸೋನ ಸರ್ಟಿಫಿಕೇಟ್ ಎಲ್ಲ ಅದರಲ್ಲೇ ಬರ್ತದೆ. ಗೋವಾದಲ್ಲಿ ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್, ಮಹಾರಾಷ್ಟ್ರದಲ್ಲಿ ಮ್ಯಾರಿಟೈಮ್ ಬೋರ್ಡ್. ಬೋಟು ತಂದು ಆಮೇಲೆ ಆಫೀಸಿಗೆ ಹೋಗ್ಬೇಡಿ, ಡ್ರಾಯಿಂಗ್ ಹಿಡ್ಕೊಂಡು ಮೊದಲೇ ಹೋಗಿ ಕೇಳಿ.

ಮುಂಬೈ ಪುಣೆ ಕನ್ನಡಿಗರೂ ಕೇಳ್ತಾ ಇರ್ತಾರೆ. ಮುಂಬೈ ಬಂದರಿನಲ್ಲಿ ದೊಡ್ಡ ಭರತದ ದಿನ ನೀರಿನ ಏರಿಳಿತ 4 ಮೀಟರಿಗೂ ಮೇಲೆ, ಸೆಳೆತ ಜೋರು, ಹಡಗು, ಫೆರಿ ಎಲ್ಲದರ ಅಲೆ ಬೇರೆ. ಗೇಟ್‌ವೇಯಿಂದ ಆಚೆ ದಡದ ಮಾಂಡವಾಕ್ಕೆ ಸ್ವಂತ ಪಾಂಟೂನಲ್ಲಿ ಹೋಗೋ ಕನಸು ಬಿಟ್ಬಿಡಿ, ಆ ದಾರಿಗೆ ಡೆಕ್ ಬೋಟೂ ಒಳ್ಳೆ ಹವೆಯ ಬೆಳಿಗ್ಗೆಗೆ ಮಾತ್ರ. ಪುಣೆ ಸುತ್ತ ಪವನಾ, ಮುಳಶಿ ತರದ ಜಲಾಶಯಗಳು ಪಾಂಟೂನಿಗೆ ಹೇಳಿ ಮಾಡಿಸಿದ ಸಿಹಿ ನೀರು, ಉಪ್ಪಿನ ಕಾಟ ಇಲ್ಲ, ಆದ್ರೆ ಅಣೆಕಟ್ಟು ಯಾರ ಸುಪರ್ದಿಯಲ್ಲಿದೆಯೋ ಅವರ ಅನುಮತಿ ಇಲ್ಲದೆ ಇಂಜಿನ್ ಬೋಟು ಇಳಿಸೋ ಹಾಗಿಲ್ಲ. ಅಲ್ಲಿ ಬೋಟು ಕೊಳ್ಳೋದಕ್ಕಿಂತ ಅನುಮತಿ ಇರೋ ರೆಸಾರ್ಟಿನದ್ದನ್ನ ಬಾಡಿಗೆಗೆ ಹಿಡಿಯೋದೇ ಜಾಣತನ.

ಮಳೆಗಾಲಕ್ಕೆ ಜೂನ್‌ನಿಂದ ಬೋಟು ಮೇಲೆ. ಪಾಂಟೂನನ್ನ ನಾಲ್ಕು ಮರದ ದಿಮ್ಮಿ ಮೇಲೆ ಮಟ್ಟವಾಗಿ ಕೂರಿಸಿದ್ರೆ ಆಯ್ತು, ಡೆಕ್ಕಿನ ಮೇಲೆ ಬಿದ್ದ ನೀರು ತಾನಾಗೇ ಹರಿದು ಹೋಗ್ತದೆ. ಡೆಕ್ ಬೋಟಿಗೆ ಅದರ ತಳಕ್ಕೆ ಸರಿಹೊಂದೋ ತೊಟ್ಟಿಲೋ ಟ್ರೇಲರೋ ಬೇಕು, ಮೂತಿ ಎತ್ತಿ ಇಟ್ಟು ಹಿಂದಿನ ಬಿರಡೆ ತೆಗೆದು ಇಡ್ಬೇಕು, ಇಲ್ಲಾಂದ್ರೆ ಒಳಗೆ ನೀರು ನಿಲ್ತದೆ. ಮಳೆಯಲ್ಲಿ ಜೆಟ್ಟಿಯಲ್ಲೇ ಬಿಟ್ಟು ಊರಿಗೆ ಹೋದೋರ ಬೋಟು, ಬ್ಯಾಟರಿ ಇಳಿದು ಪಂಪು ನಿಂತು, ಬರೀ ಮಳೆ ನೀರಿಗೇ ಮುಳುಗಿದ್ದನ್ನ ನೋಡಿದ್ದೇನೆ.

ಸೆಕೆಂಡ್ ಹ್ಯಾಂಡ್ ನೋಡೋಕೆ ಹೋದ್ರೆ ಸೋಫಾ ನೋಡ್ತಾ ನಿಲ್ಲಬೇಡಿ. ಪಾಂಟೂನಾದ್ರೆ ಕೊಳವೆಯನ್ನ ಉದ್ದಕ್ಕೂ ಬೆರಳ ಗೆಣ್ಣಿಂದ ಬಡೀತಾ ಹೋಗಿ, ನೀರು ತುಂಬಿದ ಕೋಣೆ ಬಂದ ಕಡೆ ಶಬ್ದ ಮೊಂಡು ಆಗ್ತದೆ. ಡೆಕ್ಕಿನ ಮೇಲೆ ಹಿಮ್ಮಡಿ ಊರಿ ನಡೀರಿ, ಮೆತ್ತಗೆ ಒಳಗೆ ಹೋದ್ರೆ ಚಾಪೆ ಕೆಳಗಿನ ಪ್ಲೈವುಡ್ ಕೊಳೆತಿದೆ. ಡೆಕ್ ಬೋಟಾದ್ರೆ ಇಂಜಿನ್ ಕಾಲನ್ನ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಜೊತೆಗೆ ಹಿಂದಿನ ಗೋಡೆಯೂ ಬಾಗಿದ್ರೆ ವಾಪಸ್ ಬನ್ನಿ. ಕೂರೋ ಜನರ ಲೆಕ್ಕ ಬರೆದ ಸಣ್ಣ ಪ್ಲೇಟ್ ಸ್ಟಿಯರಿಂಗ್ ಹತ್ರ ಇರ್ತದೆ, ಅದರಲ್ಲಿ ಕಿಲೋ ಅಥವಾ ಪೌಂಡ್ ಲೆಕ್ಕವೂ ಇರ್ತದೆ, ನೋಡಬೇಕಾದ್ದು ಅದನ್ನ, ಯಾಕಂದ್ರೆ ನಮ್ಮವರು ಹತ್ತು ಜನ ಹೊರಟ್ರೆ ಜೊತೆಗೆ ಎರಡು ಡಬ್ಬಿ ಬುತ್ತಿ, ಐಸ್ ಪೆಟ್ಟಿಗೆ, ನೀರಿನ ಕ್ಯಾನು ಎಲ್ಲ ಹೊರಡ್ತದೆ.

ಗೌಡ್ರ ವಿಷಯದಲ್ಲಿ ನನ್ನ ಲೆಕ್ಕ ಹೀಗೆ: ಮನೆಯಲ್ಲಿ ಎಪ್ಪತ್ತು ದಾಟಿದ ಇಬ್ಬರು, ಐದು ವರ್ಷದ ಒಳಗಿನ ಮಕ್ಕಳು, ಹೋಗೋದು ಕುಠ್ಠಾಳಿಯಿಂದ ಒಳಗೆ, ಬೆಳಿಗ್ಗೆ ಹೊತ್ತು. ಪಾಂಟೂನ್, ಫೈಬರ್ ತಳದ್ದು, 60 ಹಾರ್ಸ್‌ಪವರ್. "ಮತ್ತ ಸ್ಪೀಡ ಇಲ್ಲಂತೀರಲ್ಲ" ಅಂದ್ರು. ಸ್ಪೀಡ್ ಬೇಕಾದ ದಿನ ಸ್ಪೀಡ್ ಬೋಟು ಬಾಡಿಗೆಗೆ ಸಿಗ್ತದೆ ಅಂದೆ. ಅಡ್ವಾನ್ಸ್ ಕೊಡೋ ಮುಂಚೆ ಮಾಡ್ಬೇಕಾದ ಟ್ರಯಲ್ ಮಾತ್ರ ಬಿಡಬೇಡಿ ಅಂತ ಹೇಳಿದ್ದೇನೆ: ಮಾರೋರು ಯಾವಾಗಲೂ ಬೆಳಿಗ್ಗೆ ಏಳಕ್ಕೆ ಬನ್ನಿ ಅಂತಾರೆ, ನೀವು ಅಮಾವಾಸ್ಯೆ ಆಸುಪಾಸಿನ ದಿನ ಮಧ್ಯಾಹ್ನ ಮೂರಕ್ಕೆ ಹೋಗಿ, ಮನೆ ಮಂದಿ ಅಷ್ಟೂ ಜನರನ್ನ ಕರ್ಕೊಂಡು ಹೋಗಿ, ಗಾಳಿಗೆ ಎದುರಾಗಿ ಹದಿನೈದು ನಿಮಿಷ ಓಡಿಸಿ, ವಾಪಸ್ ಇಳಿತದಲ್ಲಿ ಅದೇ ಜೆಟ್ಟಿಗೆ ಕಟ್ಟಿಸಿ, ಅಜ್ಜಿ ಹೇಗೆ ಇಳೀತಾರೆ ಅಂತ ಪಕ್ಕದಲ್ಲಿ ನಿಂತು ನೋಡಿ, ಆಮೇಲೆ ರೇಟಿನ ಮಾತು.